ಕೆಂಪು ಬಟ್ಟೆ ಕಟ್ಟಿದ್ದ ಸೌತೆ

ಏಪ್ರಿಲ್ 26, ಬೆಳಿಗ್ಗೆ 7:30
ಎಂದಿನಂತೆ ಗಿಡಗಳಿಗೆ ನೀರು. ನಂತರ ಪೇಪರ್ — ನಾಳೆಯಿಂದ ಗಾಳಿಮಳೆ. ಸೌತೆಯನ್ನೆಲ್ಲ ಇಂದೇ ಕೊಯ್ದೆ. ಹದಿನಾಲ್ಕು. ಯಾಮಿನಿ ಬಿತ್ತಿದ್ದು ಜನವರಿಯಲ್ಲಿ. ಜ್ವರ ಅವಳನ್ನು ಒಯ್ದದ್ದು ಮಾರ್ಚಿನಲ್ಲಿ. ಮಗಳ ಬೆಳೆ ಹಾಳಾಗಬಾರದು. ಒಂದರ ತೊಟ್ಟಿಗೆ ಯಾವುದೋ ಕೆಂಪು ಬಟ್ಟೆಯ ಚೂರಿತ್ತು. ಬಿಚ್ಚಿ ಒಲೆಗೆ ಹಾಕಿದೆ.

ಸಂಜೆ
ಅಡುಗೆಮನೆಯ ಮಾಡಿಗೆ ಸೌತೆ ಕಟ್ಟಿ ತೂಗಿಸಲು ಹೆಂಡತಿ ವಾರಿಜಾಕ್ಷಿ ಬಾಳೆನಾರು ತಂದಳು. ಒಂದೊಂದನ್ನೂ ತಿರುಗಿಸಿ ನೋಡಿದಳು.
"ಕೆಂಪ್ ಬಟ್ಟಿ ಕಟ್ಟಿದ್ ಎಲ್ಲಿತ್ತ್?"
"ಬಿಚ್ಚಿ ಒಲಿಗ್ ಹಾಕ್ದೆ."
"ಅದ್ ಬೀಜಕ್ಕಂದೇಳಿ ಬಿಟ್ಟದ್. ಮಗು ನಿಮ್ಗೂ ಹೇಳಿತ್ತಲ್ದಾ?"
ಹೇಳಿದ್ದಳು. ಊಟದ ಹೊತ್ತಿನಲ್ಲಿ. ಈ ಶ್ರದ್ಧೆ ಪರೀಕ್ಷೆಯ ಮೇಲಿರಲಿ ಎಂದಿದ್ದೆ.
ಮೂರು ವರ್ಷ ಅವಳೇ ಆರಿಸಿ ಉಳಿಸಿಕೊಂಡು ಬಂದ ಬೀಜ. ಇದ್ದದ್ದನ್ನೆಲ್ಲ ಬಿತ್ತಿದ್ದಳು. ಹದಿನಾಲ್ಕರಲ್ಲಿ ಯಾವುದು? ಒಂದೇ ಗಾತ್ರ, ಒಂದೇ ಗೆರೆ.

ಏಪ್ರಿಲ್ 29
ಮಳೆ ಬರಲೇ ಇಲ್ಲ.

ಮೇ 4
ಮೂರು ಕೊಳೆತವು. ಪಕ್ಕದ ಮನೆಯ ಜಲಜ ಬಂದು ತಲೆಯೆತ್ತಿ ನೋಡಿದಳು. "ಮಾಷ್ಟ್ರೇ, ಎಂತ, ಸೌತಿಕಾಯಿಗ್ ಪೂಜಿ ಮಾಡ್ತ್ರ್ಯಾ? ಹುಳಿಗ್ ಹಾಕಿ. ಎಳ್ತ್ ಕೊಯ್ದದ್, ಮಳಿಗಾಲಕ್ ನಿಲ್ಲುದಿಲ್ಲ."

ಮೇ 5
ಕೊನೆಗೂ ತರ್ಕವೊಂದು ಒದಗಿತು. ಯಾಮಿನಿ ಗುರುತಿಟ್ಟದ್ದು ಬಳ್ಳಿಯ ಮೊದಲ ಕಾಯಿ. ಉಳಿದವು ಎಳೆಯವಾದರೂ ಅದೊಂದರ ಬೀಜ ಬಲಿತಿರಬೇಕು. ಬಲಿತದ್ದು ನೀರಿನಲ್ಲಿ ಮುಳುಗುತ್ತದೆ, ಜೊಳ್ಳು ತೇಲುತ್ತದೆ. ವಾರಿಜಾಕ್ಷಿ ಒಪ್ಪಿದಳು. "ದಿನಕ್ಕೊಂದ್. ಕೊಯ್ದದ್ ಬಿಸಾಡುಕಿಲ್ಲ."
ಇಂದಿನದು ತೇಲಿತು.

ಮೇ 8
ಹುಳಿ, ಪಲ್ಯ, ಇಂದು ದೋಸೆ. ರುಚಿಯಾಗಿತ್ತು. ಬೀಜ ತೇಲಿತು.

ಮೇ 12
ಬೆಳಿಗ್ಗೆ ನಾಲ್ಕಿದ್ದವು, ಈಗ ಮೂರು. "ಇದೂ ಅಲ್ದಾ?" — ವಾರಿಜಾಕ್ಷಿ ದಿನವೂ ಅಷ್ಟೇ ಕೇಳುತ್ತಾಳೆ. ಬೈಯುವುದಿಲ್ಲ. ಕಾಲೇಜಿನಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸಿ ಗೆದ್ದವನು ನಾನು. ಅವಳೆದುರು ನನ್ನ ಪಕ್ಷಕ್ಕೆ ಒಂದು ವಾಕ್ಯವೂ ಸಿಗುತ್ತಿಲ್ಲ.
ಕೊಳೆತ ಮೂರರಲ್ಲೇ ಅದಿದ್ದು, ಬೀಜವೂ ಕೊಳೆತುಹೋಗಿದ್ದರೆ...? ನನ್ನ ತರ್ಕದಲ್ಲಿ ಇದಕ್ಕೆ ಸ್ಥಳವಿರಲಿಲ್ಲ.

ಮೇ 15, ಬೆಳಿಗ್ಗೆ 11
ಕೊನೆಯದು. ನಾರಿನ ಗಂಟು ನನ್ನಿಂದ ಬಿಚ್ಚಲಾಗಲಿಲ್ಲ, ಅವಳೇ ಬಿಚ್ಚಿದಳು. ಮೆಟ್ಟುಕತ್ತಿಯ ಮಣೆಯ ಮೇಲೆ ಕುಳಿತು, ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು —
"ಕೊಯ್ಯುದ್ ಬ್ಯಾಡ. ಇದೇ ಅದ್ ಅಂದ್ಕಂಡ್ ಇಪ್ಪನಾ?"
"ಕೊಯ್ಯಿ" ಎಂದೆ. ಎಂದವನು ಅಲ್ಲಿ ನಿಲ್ಲಲಾರದೆ ಇಲ್ಲಿಗೆ ಬಂದು ಕುಳಿತಿದ್ದೇನೆ.
ಪಾತ್ರೆಗೆ ನೀರು ಸುರಿಯುವ ಸದ್ದು.
"ಹ್ವಾಯ್, ಬನ್ನಿ."
ಹೋಗಬೇಕು. ಇದನ್ನು ಬರೆಯುತ್ತಿರುವಷ್ಟು ಹೊತ್ತಾದರೂ ಅದು ಯಾಮಿನಿಯ —