ಹಳೇ ಕಂಪ್ಯೂಟರಿನಿಂದ ಅತ್ತೆಯ ಕರೆ

ಏನ್ರೀ,

ಇದನ್ನು ನಿಮಗೆ ಕಳಿಸುವುದಿಲ್ಲ, ಸುಮ್ಮನೆ ಬರೆಯುತ್ತಿದ್ದೇನೆ. ನೀವು ಬಿಟ್ಟುಹೋದ ಕಂಪ್ಯೂಟರಿಗೆ ಇವತ್ತು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದೆ.

ಅತ್ತೆಗೆ ಮಗನ ಮುಖ ನೋಡಬೇಕಂತೆ. ಮೊಬೈಲಿನ ಸಣ್ಣ ಪರದೆಯಲ್ಲಿ ಅವರಿಗೆ ಯಾರ ಗುರುತೂ ಹತ್ತುವುದಿಲ್ಲ. ಕಂಪ್ಯೂಟರಿನಲ್ಲಿ ನೋಡೋಣವೆಂದರೆ, ಹಳೇ ಸಿಸ್ಟಮ್‌ನಲ್ಲಿ ವಿಡಿಯೋ ಕಾಲ್ ನಿಂತೇಹೋಗಿದೆ. ಹೊಸದನ್ನು ಹಾಕಲು ಹೋದರೆ, ಈ ಕಂಪ್ಯೂಟರಿಗೆ ಇದು ಹೊಂದುವುದಿಲ್ಲ ಎಂದು ಶುರುವಿನಲ್ಲೇ ತಡೆಯಿತು.

ರಿಪೇರಿಯವನು, "ಗುಜರಿಗೆ ಹಾಕಿ ಮೇಡಂ" ಎಂದ. ನಾನು ಬಿಡಲಿಲ್ಲ. ಆಫೀಸಿನ ಗೆಳತಿಯಿಂದ ಹೊಸ ಸಿಸ್ಟಮ್ಮನ್ನು ಪೆನ್‌ಡ್ರೈವ್‌ನಲ್ಲಿ ತಂದು, ಹೊಂದುತ್ತದೋ ಇಲ್ಲವೋ ಎಂದು ಅದು ಮಾಡುವ ತಪಾಸಣೆಯನ್ನೇ ತಪ್ಪಿಸುವ ದಾರಿಯನ್ನು ವಿಡಿಯೋ ನೋಡಿ ಕಲಿತೆ. ಅರ್ಧಕ್ಕೇ ನಿಂತಾಗಲೆಲ್ಲ ಮತ್ತೆ ಮೊದಲಿನಿಂದ ಶುರುಮಾಡಿದೆ. ಕೊನೆಗೂ ಪರದೆ ಬೆಳಗುವಷ್ಟರಲ್ಲಿ ಅತ್ತೆ ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತಾಗಿತ್ತು. ಯಾಕೋ, ನಾನೂ ಹೋಗಿ ಮುಖ ತೊಳೆದುಕೊಂಡು ಬಂದೆ.

ಕರೆ ಅತ್ತೆಯ ಹೆಸರಿನಲ್ಲೇ ಹೋಯಿತು. ಸ್ವಲ್ಪ ಹೊತ್ತು ರಿಂಗಾಯಿತು. ಆಮೇಲೆ ನೀವು ಕಟ್ ಮಾಡಿದಿರಿ. ಪರದೆಯ ಮೇಲೆ ಹಾಗೆಂದೇ ಬಂತು. ಅತ್ತೆಗೆ ಅದನ್ನು ಓದಲಾಗಲಿಲ್ಲ.

"ಏನಾಯ್ತೇ? ಬಂದ್ನಾ?"

"ಕಂಪ್ಯೂಟರ್ ಹಳೇದಲ್ವಾ ಅತ್ತೆ, ಹೊಸದು ಸರಿಯಾಗಿ ಕೂತ್ಕೊಳ್ಳಲಿಲ್ಲ. ನಾನೇ ಕೆಡಿಸಿಬಿಟ್ಟೆ."

ಅವರು ಸಿಟ್ಟಾಗಲಿಲ್ಲ. ಪರದೆಯನ್ನೇ ನೋಡುತ್ತ ನನ್ನ ಕೈ ತಟ್ಟಿದರು.

"ಹೋಗ್ಲಿ ಬಿಡು, ನಿಂಗೆಲ್ಲಿ ಗೊತ್ತಾಗುತ್ತೆ ಇದೆಲ್ಲ? ಅವನಿದ್ದಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ಸರಿಮಾಡ್ತಿದ್ದ."

ಹೌದು ಅತ್ತೆ ಎಂದೆ.