ಸಾವಿನ ಕಾಲಮ್ಮಿನ ಸೊನ್ನೆ

ಶಾಗ್ಯ, ಭಾನುವಾರ

ನನ್ನ ತಮ್ಮನ ಮಗಳು ಮಧುಶ್ರೀಗೆ,

ನೀನು ಮೊಬೈಲಿಗೆ ಕಳಿಸಿದ ಪಟ್ಟಿ ಬಂತು. ಕನ್ನಡಕ ಹಾಕಿಕೊಂಡು, ಬೆರಳಲ್ಲಿ ದೊಡ್ಡದು ಮಾಡಿಕೊಂಡು ಮೂರು ಸಲ ನೋಡಿದೆ. ಯಳಂದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು ನೀನು, ಸರ್ಕಾರದ ವೆಬ್‌ಸೈಟಿನಿಂದ ಅಂಕಿ ತೆಗೆದು, ಶೇಕಡಾ ಹಾಕಿ, ಬಣ್ಣ ಬಳಿದು ಚೆನ್ನಾಗಿಯೇ ಮಾಡಿದ್ದೀಯ. ಸುಧಾಮಯಿ ನರ್ಸಿಂಗ್ ಹೋಮಿನಲ್ಲಿ ಹೋದ ವರ್ಷ ನಾನೂರ ಹನ್ನೆರಡು ಹೆರಿಗೆ, ಶಿಶು ಸಾವು ಸೊನ್ನೆ. ಸರ್ಕಾರದ ದೊಡ್ಡಾಸ್ಪತ್ರೆಯಲ್ಲಿ ಸಾವಿರದ ಮೇಲೆ ಹೆರಿಗೆ, ಸಾವು ಏಳು. ಕೆಳಗೆ ನೀನೇ ಬರೆದಿದ್ದೀಯ: "ಅತ್ತೆ, ಕುಸುಮಕ್ಕನ ಮಗೂಗೆ ಆದದ್ದು ಗೊತ್ತೇ ಇದೆ, ಅಂಕಿನೂ ಅದನ್ನೇ ಹೇಳ್ತಿದೆ. ನಾವು ಸುಧಾಮಯಿಗೇ ಹೋಗೋದು ಅಂತ ನಮ್ಮನೆಯವರು ಗುರುಪ್ರಕಾಶೂ ಒಪ್ಪಿದ್ರು."

ಏಳು ತಿಂಗಳ ಬಸುರಿಗೆ ಇಂಥ ಕಾಗದ ಬರೆಯಬಾರದು. ಹಾಗಂದುಕೊಂಡೇ ಎರಡು ಸಲ ಬರೆದು ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ.

ನಾನು ಯಾರನ್ನೂ ನಂಬುವವಳಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತೀರಿ. ಹಾಲಿನವನ ಅಳತೆ, ಕಂಡಕ್ಟರ್ ಕೊಡುವ ಚಿಲ್ಲರೆ, ಬೆಟ್ಟದ ಲಾಡ್ಜಿನವನು ಹೇಳುವ ಬಾಡಿಗೆ, ಯಾವುದನ್ನೂ ನಂಬಿದವಳಲ್ಲ. ಅದರಲ್ಲೂ ಅಂಕಿಯನ್ನು ಕಂಡರೆ ನನಗೆ ಗುಮಾನಿ ಜಾಸ್ತಿ, ಯಾಕೆಂದರೆ ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ತೂಕ ಬರೆದವಳು ನಾನು. ಒಂದು ವರ್ಷ ನಮ್ಮ ಕೇಂದ್ರದಲ್ಲಿ ತೀರಾ ಬಡಕಲಾದ ಮಕ್ಕಳು ನಾಲ್ವರಿದ್ದರು. ಸುಗ್ಗಿ ಮುಗಿದ ಮೇಲೆ ಅವರಪ್ಪ ಅವ್ವಂದಿರು ಕೂಲಿಗೆ ಅಂತ ತಮಿಳುನಾಡಿನ ಕಡೆ ಹೊರಟರು, ಮಕ್ಕಳನ್ನೂ ಕರೆದುಕೊಂಡು ಹೋದರು. 'ವಲಸೆ' ಎಂದು ಬರೆದು ಹೆಸರು ತೆಗೆದೆ. ತಿಂಗಳ ಕೊನೆಗೆ ನಮ್ಮ ಕೇಂದ್ರದಲ್ಲಿ ಬಡಕಲು ಮಗುವೇ ಇಲ್ಲ ಅಂತಾಯಿತು. ಮೀಟಿಂಗಿನಲ್ಲಿ ಮೇಡಂ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾವ ಮಗುವಿಗೂ ಒಂದು ತುತ್ತು ಹೆಚ್ಚಿಗೆ ಸಿಕ್ಕಿರಲಿಲ್ಲ ಅಷ್ಟೆ.

ಅಂಥವಳು ನಾನು ಮೋಸ ಹೋದೆ. ಹೋದ ವರ್ಷ ನನ್ನ ಮಗಳು ಕುಸುಮಳಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ, ಇಲಾಖೆ ಕೊಟ್ಟ ಮೊಬೈಲಿನಲ್ಲಿ ಇದೇ ವೆಬ್‌ಸೈಟು ತೆಗೆದು, ಇದೇ ಕಾಲಮ್ಮು ನೋಡಿದವಳು ನಾನೇ. ಆಗಲೂ ಸುಧಾಮಯಿಯಲ್ಲಿ ಸೊನ್ನೆಯೇ ಇತ್ತು. ಅಳಿಯ, "ದೊಡ್ಡಾಸ್ಪತ್ರೇಲಿ ಮಕ್ಕಳ ಡಾಕ್ಟ್ರು ಅವರ ಕಣತ್ತೆ, ಅಲ್ಲಿಗೇ ಓಗಮ" ಅಂದ. ಅವನ ಬಾಯಿ ಮುಚ್ಚಿಸಿದವಳೂ ನಾನೇ. ತೆರಕಣಾಂಬಿಯ ಸಂತೆಯಲ್ಲಿ ಸೊಪ್ಪನ್ನು ಕೂಡ ಬಿಚ್ಚಿ ನೋಡಿ ಕೊಳ್ಳುವವಳು, ಒಂದು ಸೊನ್ನೆಯನ್ನು ಬಿಚ್ಚಿ ನೋಡಲಿಲ್ಲ.

ಮುಂದಿನದು ನಿನಗೆ ಗೊತ್ತಿಲ್ಲ. ನಿನಗೆ ಗೊತ್ತಿರುವುದು ನಾನು ಹೇಳಿದ ಕತೆ.

ಮಗು ಹುಟ್ಟಿದ್ದು ಬೆಳಿಗ್ಗೆ ಏಳಕ್ಕೆ, ಸುಧಾಮಯಿಯಲ್ಲೇ, ಆಪರೇಷನ್ ಮಾಡಿ. ಹುಟ್ಟಿದಾಗಲೇ ಸರಿಯಾಗಿ ಅಳಲಿಲ್ಲ. "ಸ್ವಲ್ಪ ನೋಡೋಣ" ಎಂದರು. ಎಂಟಾಯಿತು, ಒಂಬತ್ತಾಯಿತು, ಮಗುವಿನ ತುಟಿ ನೀಲಿಯಾಗುತ್ತಾ ಬಂತು. ಹತ್ತೂವರೆಗೆ ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟು, ಬಾಗಿಲಲ್ಲಿ ನಿಂತಿದ್ದ ಆಂಬುಲೆನ್ಸಿಗೆ ಹತ್ತಿಸಿದರು. ಕುಸುಮ ಇನ್ನೂ ಮಂಪರಿನಲ್ಲಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಚಿಕ್ಕನಿಂಗಮ್ಮ ಅಂತ ನರ್ಸು, ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡೇ ಓಡಿದಳು. ಡಾಕ್ಟರೂ ಅವಳೂ ನಲವತ್ತು ನಿಮಿಷ ಬಿಡದೆ ಉಸಿರು ಕೊಟ್ಟರು. ಕೊನೆಗೆ ಅವಳು ಗೋಡೆಗೆ ಒರಗಿ ಕೂತು, "ಏಳೂವರೆಗೇ ತಂದಿದ್ರೆ ಏನಾರ ಮಾಡ್ಬೋದಿತ್ತು ಕಣಮ್ಮ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಮಗುವನ್ನು ಸೀರೆಯಲ್ಲಿ ಸುತ್ತಿಕೊಂಡು ವಾಪಸು ಬರುವಾಗ ಡ್ರೈವರ್ ಮಾದು ಹೇಳಿದ: "ವರ್ಸದಲ್ಲಿ ಅತ್ತಿಪ್ಪತ್ ಮಕ್ಕಳ ಸುಧಾಮಯಿಯಿಂದ ನಾನೇ ತಕಂಡೋಗಿವ್ನಿ ಅಕ್ಕ. ಕೇಸು ಕೆಡ್ತು ಅಂದ್ರ ಚೀಟಿ ಬರ್ದು ಕಳಿಸ್ಬುಡ್ತಾರ. ಆಮ್ಯಾಕ ಏನಾದ್ರೂ ಅದು ಇವ್ರ ಲೆಕ್ಕಕ್ಕ ಬರಲ್ಲ." ನನ್ನ 'ವಲಸೆ' ಎಂಬ ಪದವೇ ಅಲ್ಲಿ ಇಂಗ್ಲಿಷಿನಲ್ಲಿ 'ರೆಫರ್ಡ್' ಎಂದು ಚೀಟಿಯ ಮೇಲಿತ್ತು. ನೀನು ಕೆಂಪು ಬಣ್ಣ ಬಳಿದ ಆ ಏಳರಲ್ಲಿ ಒಂದು ನಮ್ಮ ಕುಸುಮಳ ಮಗು, ಮಧು. ಉಳಿದ ಆರರಲ್ಲಿ ಎಷ್ಟು ಮಕ್ಕಳು ಹೀಗೆ ಬಂದವೋ ನನಗೆ ಗೊತ್ತಿಲ್ಲ, ನಿನ್ನ ಪಟ್ಟಿಗೂ ಗೊತ್ತಿಲ್ಲ.

ಸಂಜೆ ಕುಸುಮಳಿಗೆ ಎಚ್ಚರವಾಯಿತು. ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ದೆವು, ಅಲ್ಲಿ ಉಳಿಯಲಿಲ್ಲ ಎಂದೆ. "ಅವ್ವ, ಅಲ್ಲಿನ ನರ್ಸು ಏನ್ ಮಾಡ್ತಿದ್ಲು?" ಎಂದು ಕೇಳಿದಳು. ಸುಧಾಮಯಿಯನ್ನು ಆರಿಸಿದವಳು ನಾನು ಎನ್ನುವುದು ಅವಳಿಗೆ ಆ ಕ್ಷಣದಲ್ಲಿ ನೆನಪಾಗಬಾರದು ಎನ್ನಿಸಿತು. "ಫೋನ್ ನೋಡ್ಕಂಡು ಕೂತಿದ್ಲು" ಅಂದುಬಿಟ್ಟೆ. ಅಷ್ಟೇ ಮಾತು. ಅದನ್ನು ಕುಸುಮ ನಿಮ್ಮ ಮನೆಯಲ್ಲಿ ಹೇಳಿದಳು, ಅವಳ ಅತ್ತೆ ಮನೆಯವರು ಹನೂರೆಲ್ಲಾ ಹೇಳಿದರು. ನಮ್ಮ ಬೀದಿಯ ಇಬ್ಬರು ಹೆಂಗಸರು ಆಮೇಲೆ ಸುಧಾಮಯಿಗೇ ಹೋದರು. ಅವರ ಮಕ್ಕಳು ಚೆನ್ನಾಗಿವೆ, ಶಿವನ ದಯೆ. ಆದರೆ ಅವರು ಹೋದದ್ದು ನನ್ನ ಸುಳ್ಳು ನಂಬಿ. ಈಗ ನೀನೂ ಹೊರಟಿದ್ದೀಯ.

ಹಾಗಂತ ದೊಡ್ಡಾಸ್ಪತ್ರೆಯನ್ನು ಕಣ್ಣುಮುಚ್ಚಿ ನಂಬು ಅಂತ ಹೇಳುತ್ತಿಲ್ಲ. ಅಲ್ಲಿ ಅರಿವಳಿಕೆ ಡಾಕ್ಟರು ವಾರದಲ್ಲಿ ಎಲ್ಲಾ ದಿನ ಇರುತ್ತಾರೋ ಇಲ್ಲವೋ, ಅದೂ ನಿನ್ನ ಪಟ್ಟಿಯಲ್ಲಿಲ್ಲ. ನೀನೇ ಎದ್ದು ಹೋಗು. ಎರಡೂ ಕಡೆ ಒಂದೇ ಪ್ರಶ್ನೆ ಕೇಳು: ಹೋದ ವರ್ಷ ಎಷ್ಟು ತಾಯಿ ಮಕ್ಕಳನ್ನು ಬೇರೆ ಕಡೆ ಕಳಿಸಿದಿರಿ, ಹುಟ್ಟಿದ ಎಷ್ಟು ಹೊತ್ತಿಗೆ ಕಳಿಸಿದಿರಿ? ಮಗು ಅಳದಿದ್ದರೆ ಮೊದಲು ಕೈ ಹಾಕುವವರು ಯಾರು, ಅವರು ಇದೇ ಕಟ್ಟಡದಲ್ಲಿರುತ್ತಾರಾ? ಉತ್ತರ ಕೊಡುವವರ ಮುಖ ನೋಡು. ಬರೆದುಕೊಡಿ ಅಂತ ಕೇಳು. ಮಾದುವಿನ ನಂಬರು ಈ ಕಾಗದದ ಹಿಂಬದಿಯಲ್ಲಿದೆ, ಅವನನ್ನೂ ಕೇಳು. ನಾನು ಹೇಳಿದ್ದೂ ನಿಜವೋ ಸುಳ್ಳೋ ಅಂತ ಅವನ ಹತ್ತಿರವೇ ತಾಳೆ ನೋಡಿಕೋ, ನನಗೆ ಬೇಜಾರಿಲ್ಲ.

ಚಿಕ್ಕನಿಂಗಮ್ಮನನ್ನು ಮೊನ್ನೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ. ಗುರುತು ಹಿಡಿದು, "ಮಗಳು ಎಂಗವ್ಳೆ ಅಮ್ಮ?" ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದು ಹೇಳಿ, ನನ್ನದಲ್ಲದ ಬಸ್ಸು ಹತ್ತಿದೆ.

ಈ ಕಾಗದವನ್ನು ಇವತ್ತೇ ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಹನೂರಿಗೆ ಹೋಗಿ, ಕುಸುಮಳ ಎದುರಿಗೆ ಕೂತು, ಎಲ್ಲವನ್ನೂ ಹೇಳಿ, ಆಮೇಲೆ ಅಲ್ಲಿಂದಲೇ ಹಾಕುತ್ತೇನೆ. ಆದ್ದರಿಂದ ಇದು ನಿನ್ನ ಕೈ ಸೇರಿದೆ ಅಂದರೆ ನನ್ನ ಮಗಳಿಗೆ ಗೊತ್ತಾಗಿದೆ ಎಂದು ತಿಳಿ. ಅವಳು ನಿನಗೆ ಫೋನು ಮಾಡಿ ನನ್ನನ್ನು ಬಯ್ಯಬಹುದು. ಬಯ್ಯಲಿ ಬಿಡು, ನನ್ನ ಪರ ವಹಿಸಿ ಮಾತಾಡಬೇಡ. ನಿನ್ನ ಹೆರಿಗೆಗೆ ನಾನು ಬರಬಾರದು ಅಂತ ಅವಳು ಹೇಳಿದರೆ ಅದನ್ನೂ ಕೇಳು.

ಹುಟ್ಟಿದ ಕೂಡಲೇ ನಿನ್ನ ಮಗು ಬೀದಿಗೆಲ್ಲ ಕೇಳುವಂತೆ ಅಳಲಿ, ತಾಯಿ.

ಇಷ್ಟು ದಿನ ನಿನ್ನಿಂದ ನಿಜ ಮುಚ್ಚಿಟ್ಟ ಅತ್ತೆ,
ಶಂಕರಮ್ಮ