ಎರಡು ಮಂಚದ ರೂಮು

16 ನವೆಂಬರ್ 2025, ಭಾನುವಾರ

ಪುಟ್ಟಿ ಈಗಷ್ಟೇ ಮಲಗಿದಳು. ನನಗೆ ನಿದ್ದೆಯಿಲ್ಲ. ಅಪ್ಪ ಕೊನೆಗೂ ಗೆದ್ದುಬಿಟ್ಟರು.

ಸೊಂಟಕ್ಕೆ ಪೆಟ್ಟಾದ ಮೇಲೆ ನಮ್ಮ ಮೂರನೇ ಮಹಡಿ ಹತ್ತಿ ಇಳಿಯೋದು ಆಗಲ್ಲ, ಶಿಡ್ಲಘಟ್ಟದ ದಾರಿಯ ವೃದ್ಧಾಶ್ರಮಕ್ಕೇ ಹೋಗ್ತೀನಿ ಅಂತ ಅವರ ಹಟ. ಜನ ಏನಂತಾರೋ ಅಂತ ನನ್ನ ಹೆದರಿಕೆ. ಏನಾದರೂ ಹುಳುಕು ಹುಡುಕಿ ಬೇಡ ಅನ್ನೋಣ ಅಂತಲೇ ಇವತ್ತು ಪುಟ್ಟಿಯನ್ನೂ ಎತ್ತಿಕೊಂಡು ಜೊತೆಗೆ ಹೋದೆ.

ಅಪ್ಪ ಥೇಟ್ ಹೆಣ್ಣು ನೋಡೋಕೆ ಹೊರಟ ಹಾಗೆ ಇಸ್ತ್ರಿ ಪಂಚೆ ಉಟ್ಟು, ಒಳ್ಳೆ ಗಳಿಗೆ ನೋಡಿ ಹೊರಟರು. ಅಲ್ಲಿನ ಮ್ಯಾನೇಜರ್ ಕನಕಲಕ್ಷ್ಮಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟರು. ಒಂದು ಹಾಡು ಹೇಳಿಸೋದಷ್ಟೇ ಬಾಕಿ.

"ಸಾರಿಗೆ ಬೆಲ್ಲ ಹಾಕ್ತೀರೇನಮ್ಮ?"

"ನಿಮಗೆ ಬೇಡ ಅಂದ್ರೆ ಹಾಕಲ್ಲ ಮೇಷ್ಟ್ರೇ."

ಅಪ್ಪನ ಮುಖ ಅರಳಿಬಿಟ್ಟಿತು.

ಹಾಸಿಗೆಯಲ್ಲಾದರೂ ತಪ್ಪು ಸಿಗಲಿ ಅಂತ ರೂಮಿಗೆ ಹೋಗಿ ಒಂದು ನಿಮಿಷ ಒರಗಿದೆ. ಎಚ್ಚರವಾದಾಗ ಸಂಜೆ! ಪುಟ್ಟಿ ಹುಟ್ಟಿದ ಮೇಲೆ ಅಂಥ ನಿದ್ದೆ ಕಂಡಿರಲಿಲ್ಲ. ಹೊರಗೆ ಪುಟ್ಟಿ ಅಪ್ಪನ ತೊಡೆ ಮೇಲೆ ಕೂತು ಅಲ್ಲಿನ ಅಜ್ಜಿಯರನ್ನೆಲ್ಲ ಆಳುತ್ತಿದ್ದಳು.

"ಅಡ್ವಾನ್ಸ್ ಕಟ್ಟಿಬಿಟ್ಟೆ ಕಣೇ. ಹಾಸಿಗೆ ಚೆನ್ನಾಗಿದೆ ಅಂತ ನೀನೇ ಗೊರಕೆ ಹೊಡೆದು ಹೇಳಿದೆಯಲ್ಲ."

ಅದೂ ಎರಡು ಮಂಚದ ರೂಮು, ಬಾಡಿಗೆ ಜಾಸ್ತಿ. ಪೆನ್ಷನ್ ದುಡ್ಡಲ್ಲಿ ಯಾಕಪ್ಪ ಈ ದುಂದು ಅಂತ ಆಟೋದಲ್ಲಿ ರೇಗಿದೆ.

"ಇನ್ನೊಂದು ಮಂಚ ನಿಂಗೆ. ಭಾನುವಾರ ಬಂದು ಮಲಗು. ಮಗೂನ ನಾನು ನೋಡ್ಕೋತೀನಿ."



ಜನ ಏನಂತಾರೋ ಅನ್ನೋ ಹೆದರಿಕೆ ಈಗಲೂ ಇದೆ. ಆದರೆ ಅಲ್ಲಿಯ ದಿಂಬು ಸ್ವಲ್ಪ ಎತ್ತರ, ಭಾನುವಾರ ನನ್ನದನ್ನೇ ತಗೊಂಡು ಹೋದರೆ... ಅಯ್ಯೋ, ಎದ್ದಳು.